ತಮ್ಮನಿಗೆ ಸ್ಕಿಜೋಫ್ರೇನಿಯಾ, ಜೊತೆಗೆ ಕುಡಿತ, ಸಿಗರೇಟು. ಯಾವುದನ್ನು ಮೊದಲು ಹಿಡಿಯೋದು?

ಕಾಮಾಕ್ಷಿಪಾಳ್ಯದ ಅಕ್ಕ:

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ ಈಗ 34. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಹೋಗುತ್ತಿದ್ದ. 23ಕ್ಕೆ ಶುರುವಾಯಿತು. ಪಕ್ಕದ ಮೆಷಿನ್‌ನವರು ನನ್ನ ಬಗ್ಗೆಯೇ ಮಾತಾಡುತ್ತಾರೆ ಅಂದ, ಆಮೇಲೆ ಊಟದ ಡಬ್ಬಿಗೆ ಏನೋ ಬೆರೆಸಿದ್ದಾರೆ ಅಂದ, ಆಮೇಲೆ ಕೆಲಸಕ್ಕೆ ಹೋಗುವುದನ್ನೇ ಬಿಟ್ಟ. ಸ್ಕಿಜೋಫ್ರೇನಿಯಾ ಅಂದರು. ಎರಡು ಮೂರು ಥರದ ಮಾತ್ರೆ ಬದಲಾಯಿಸಿ ಕೊನೆಗೆ ಕ್ಲೋಜಪಿನ್ ಕೊಟ್ಟ ಮೇಲೆ ಹಿಡಿತಕ್ಕೆ ಬಂತು. ಮೊದಲು ವಾರ ವಾರ ರಕ್ತ ಪರೀಕ್ಷೆ, ಈಗ ತಿಂಗಳಿಗೊಮ್ಮೆ. ಅದಕ್ಕೆಲ್ಲ ತಕರಾರಿಲ್ಲದೆ ಬರುತ್ತಾನೆ.

ತೊಂದರೆ ಬೇರೆ. ದಿನಾ ಸಂಜೆ ಒಂದು ಕ್ವಾರ್ಟರ್. ಕೆಲವು ದಿನ ಅದಕ್ಕಿಂತ ಜಾಸ್ತಿ. ಸಿಗರೇಟು ದಿನಕ್ಕೆ ಒಂದೂವರೆ ಪ್ಯಾಕು. ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ಅಮ್ಮ ಹಠ ಹಿಡಿದರು ಅಂತ ಕುಡಿತ ಬಿಡಿಸುವ ಒಂದು ಕೇಂದ್ರಕ್ಕೆ ಸೇರಿಸಿದೆವು. ಬೆಳಿಗ್ಗೆ ಐದು ಗಂಟೆಗೆ ಗಾಡಿಯಲ್ಲಿ ಮೂರು ಜನ ಬಂದು ಎತ್ತಿಕೊಂಡು ಹೋದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವನು ನನ್ನ ಹೆಸರು ಹಿಡಿದೇ ಕೂಗುತ್ತಿದ್ದ.

ಅಲ್ಲಿ ಸಿಗರೇಟೂ ಬಂದ್. ಕ್ಲೋಜಪಿನ್ ಮಾತ್ರ ನಾವು ಕೊಟ್ಟು ಕಳಿಸಿದ್ದು ಅದೇ ಲೆಕ್ಕದಲ್ಲಿ ಕೊಡುತ್ತಿದ್ದರು. ಮೂರನೇ ವಾರ ನೋಡಲು ಬಿಟ್ಟರು. ತಲೆ ಬೋಳಿಸಿದ್ದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ, ಅರೆನಿದ್ದೆ. 'ನೋಡಿ, ಎಷ್ಟು ಶಾಂತವಾಗಿದ್ದಾನೆ' ಅಂದರು ಅಲ್ಲಿಯವರು. 45 ದಿನ ಮುಗಿಸಿ ಬಂದ. ಬಂದವನು ಮೊದಲು ಹೋಗಿದ್ದು ಬೀಡಾ ಅಂಗಡಿಗೆ. ಎರಡು ಮೂರು ವಾರದಲ್ಲಿ ಕಿವಿಯಲ್ಲಿ ಮಾತು ಮತ್ತೆ ಶುರು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ನಾನೇ ಕೈಯಲ್ಲಿ ಕೊಡುತ್ತೇನೆ. ಅಮ್ಮ ದೃಷ್ಟಿ ಅನ್ನುತ್ತಾರೆ. ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಮೇಲೆ ನಿಧಾನವಾಗಿ ತಾನೇ ಕಡಿಮೆಯಾಯಿತು. ಕುಡಿತ ವಾಪಸ್ ಬಂತು.

ಈಗ ಡಾಕ್ಟರು 'ಪರವಾಗಿಲ್ಲ, ಸ್ಥಿರವಾಗಿದ್ದಾನೆ' ಅನ್ನುತ್ತಾರೆ. ನಾನು ನೋಡುವುದು ಏನೆಂದರೆ ಹನ್ನೊಂದಕ್ಕೆ ಏಳುತ್ತಾನೆ, ಟೀವಿ ಮುಂದೆ ಕೂರುತ್ತಾನೆ, ಆರು ಗಂಟೆಗೆ ವೈನ್ ಶಾಪು, ಎಂಟಕ್ಕೆ ವಾಪಸ್, ಮಲಗುತ್ತಾನೆ. ಇದನ್ನು ಸ್ಥಿರ ಅನ್ನುತ್ತಾರಾ? ಕುಡಿತದ ಬಗ್ಗೆ ಕೇಳಿದರೆ ಬೇರೆ ಕಡೆ ತೋರಿಸಿ ಅನ್ನುತ್ತಾರೆ. ಅಲ್ಲಿಗೆ ಹೋದರೆ ಮೊದಲು ತಲೆ ಸರಿ ಮಾಡಿಸಿಕೊಂಡು ಬನ್ನಿ ಅನ್ನುತ್ತಾರೆ. ನಾವು ಮಧ್ಯದಲ್ಲಿ.

ಎರಡೇ ಪ್ರಶ್ನೆ. ಯಾವುದನ್ನು ಮೊದಲು ಬಿಡಿಸಬೇಕು? ಅವನು ಚೆನ್ನಾಗಿದ್ದಾನೋ ಇಲ್ಲವೋ ಅಂತ ನಾನು ಯಾವುದನ್ನು ನೋಡಿ ಹೇಳಲಿ?


ನೇರ ಮಾತು:

ಅಕ್ಕಾ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮಾವನಿಗೆ ಒಂದು ಪುಡಿ ತಂದು ಸಾಂಬಾರಿನಲ್ಲಿ ಬೆರೆಸಿ ಕೊಟ್ಟೆವು. ಗೊತ್ತೇ ಆಗಲಿಲ್ಲ. ಎರಡು ಸಲ ವಾಂತಿ ಮಾಡಿಕೊಂಡು ಎಣ್ಣೆ ಮುಟ್ಟುವುದನ್ನೇ ಬಿಟ್ಟರು. ಬೇಕಾದರೆ ಮೆಸೇಜ್ ಮಾಡಿ, ಎಲ್ಲಿ ಸಿಗುತ್ತೆ ಹೇಳುತ್ತೇನೆ.


ಸಮಾಜಕಾರ್ಯದವಳು:

ಮೊದಲು ಮೇಲಿನ ಉತ್ತರಕ್ಕೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಗೊತ್ತಾಗದಂತೆ ಕೊಡುವ ಇಂಥ ಪುಡಿಗಳಲ್ಲಿ ಡೈಸಲ್ಫಿರಾಂ ಅನ್ನುವ ಕುಡಿತ ಬಿಡಿಸುವ ಔಷಧಿ ಇರಬಹುದು. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಡವಡವ ಅಂದು, ಬಿಪಿ ಇಳಿದು, ಪ್ರಾಣಕ್ಕೇ ಕುತ್ತು ಬರಬಹುದು. ಆ ಮಾತ್ರೆಯನ್ನು ರೋಗಿಗೆ ಎಲ್ಲ ತಿಳಿಸಿ, ಒಪ್ಪಿಗೆ ತೆಗೆದುಕೊಂಡೇ ಕೊಡಬೇಕು. ಅದೂ ಅಲ್ಲದೆ ಡೈಸಲ್ಫಿರಾಂ ಕೆಲವರಲ್ಲಿ ಭ್ರಮೆಗಳನ್ನು ಕೆರಳಿಸುತ್ತದೆ, ಸ್ಕಿಜೋಫ್ರೇನಿಯಾ ಇರುವವರಿಗೆ ಬಹಳ ಯೋಚಿಸಿ ಕೊಡುವ ಔಷಧಿ ಅದು. ಇದೆಲ್ಲ ಒಂದು ಕಡೆ ಇರಲಿ. ಈ ಹುಡುಗನ ಕಾಯಿಲೆ ಶುರುವಾಗಿದ್ದೇ ಡಬ್ಬಿಗೆ ಏನೋ ಬೆರೆಸಿದ್ದಾರೆ ಅನ್ನುವ ಅನುಮಾನದಿಂದ. ಮನೆಯವರು ನಿಜವಾಗಿಯೂ ಬೆರೆಸಿದ್ದು ಒಂದು ದಿನ ಗೊತ್ತಾದರೆ ಮುಂದೆ ಅವನು ಆ ಮನೆಯಲ್ಲಿ ಊಟ ಮಾಡುತ್ತಾನಾ, ನೀವೇ ಹೇಳಿ.

ಈಗ ಅಕ್ಕ ಅವರಿಗೆ. ನಾನು ಹಲವು ವರ್ಷ ಮನೋವೈದ್ಯ ವಾರ್ಡಿನಲ್ಲಿ ಕೆಲಸ ಮಾಡಿದವಳು. ನಾನು ಡಾಕ್ಟರಲ್ಲ, ಮಾತ್ರೆಯ ಲೆಕ್ಕ ಅವರದ್ದು. ಆದರೆ ನಿಮಗೆ ಇವತ್ತಿಗೂ ಅರ್ಥವಾಗದೆ ಉಳಿದದ್ದು ದೃಷ್ಟಿ ಅಲ್ಲ, ಸಿಗರೇಟು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸಿಗರೇಟು, ಬೀಡಿ ಹೊಗೆಯಲ್ಲಿರುವ ಕೆಲವು ವಸ್ತುಗಳು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಅದರ ಹೆಸರು ಸಿವೈಪಿ1ಎ2. ಕ್ಲೋಜಪಿನ್ನನ್ನು, ಇದೇ ಕಾಯಿಲೆಗೆ ಕೊಡುವ ಓಲಾಂಜಪಿನ್ನನ್ನು ಒಡೆದು ಹೊರಹಾಕುವ ಕೆಲಸ ಹೆಚ್ಚಾಗಿ ಅದರದ್ದೇ. ಅಂದರೆ ಸೇದುವವರ ರಕ್ತದಲ್ಲಿ ಔಷಧಿ ಬೇಗ ಖಾಲಿಯಾಗುತ್ತದೆ, ಹಾಗಾಗಿ ಅವರಿಗೆ ಜಾಸ್ತಿ ಮಾತ್ರೆ ಬೇಕಾಗುತ್ತದೆ. ಒಂದೇ ಸಲ ಸಿಗರೇಟು ನಿಲ್ಲಿಸಿದರೆ ಕಿಣ್ವ ಮಂದವಾಗುತ್ತದೆ. ಮಾತ್ರೆ ಅಷ್ಟೇ, ಆದರೆ ಒಂದೆರಡು ವಾರದಲ್ಲಿ ರಕ್ತದಲ್ಲಿ ಅದರ ಪ್ರಮಾಣ ಎಷ್ಟೋ ಮೇಲೆ ಹೋಗಿರುತ್ತದೆ. ಜೊಲ್ಲು, ಅರೆನಿದ್ದೆ, ತೂರಾಟ, ಮಲಬದ್ಧತೆ, ಇನ್ನೂ ಮೇಲೆ ಹೋದರೆ ಫಿಟ್ಸ್. ಅವರು ಶಾಂತ ಅಂದದ್ದು ಇದಕ್ಕೇ ಇರಬೇಕು. ವಾಪಸ್ ಬಂದು ಸೇದಲು ಶುರು ಮಾಡಿದ, ಪ್ರಮಾಣ ಇಳಿಯಿತು, ಕಿವಿಯಲ್ಲಿ ಮಾತು ಬಂತು. ಇದನ್ನು ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಆದ್ದರಿಂದ ನಿಕೋಟಿನ್ ಚೂಯಿಂಗ್ ಗಮ್ ಅಗಿದರೂ ಸಿಗರೇಟು ನಿಂತ ಲೆಕ್ಕವೇ. ಕಾಫಿಯದ್ದು ಉಲ್ಟಾ, ಕೆಫೀನ್ ಜಾಸ್ತಿಯಾದರೆ ಕ್ಲೋಜಪಿನ್ ಮೇಲೇರುತ್ತದೆ. ನಿಮ್ಮ ತಮ್ಮ ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತಾನೆ ಅಂತಲೂ ಡಾಕ್ಟರಿಗೆ ಹೇಳಿ. ಸಿಗರೇಟು ಬಿಡಬೇಡ ಅಂತ ನಾನು ಹೇಳುತ್ತಿಲ್ಲ. ಈ ಕಾಯಿಲೆ ಇರುವವರು ಉಳಿದವರಿಗಿಂತ 10-20 ವರ್ಷ ಮೊದಲೇ ಹೋಗುತ್ತಾರೆ, ಅದರಲ್ಲಿ ಹೃದಯದ ಕಾಯಿಲೆಯ ಪಾಲು ದೊಡ್ಡದು. ಬಿಡಲಿ, ಆದರೆ ಡಾಕ್ಟರಿಗೆ ತಿಳಿಸಿ ಬಿಡಲಿ.

ಕುಡಿತವೂ ಹಾಗೆಯೇ. ದಿನಾ ಕುಡಿಯುವವರು ಮನೆಯಲ್ಲೇ ಇವತ್ತಿಂದ ಬಂದ್ ಅಂದರೆ ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಎಚ್ಚರ ತಪ್ಪಿದ ಹಾಗೆ ಏನೇನೋ ಮಾತಾಡಬಹುದು. ಕ್ಲೋಜಪಿನ್ ಇದ್ದಾಗ ಫಿಟ್ಸ್ ಭಯ ಇನ್ನೂ ಜಾಸ್ತಿ. ವೈದ್ಯರ ಕಣ್ಣಳತೆಯಲ್ಲೇ ಆಗಬೇಕು.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಇದು ಮೊದಲು, ಅದು ಆಮೇಲೆ ಅನ್ನುವವರ ಹತ್ತಿರ ಹೋಗಬೇಡಿ. ಎರಡನ್ನೂ ಒಂದೇ ತಂಡ ನೋಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಯೂ ಮಾನಸಿಕ ಕಾಯಿಲೆಯ ಅರ್ಥದೊಳಗೇ ಬರುತ್ತದೆ. ಬೆಂಗಳೂರಿನಲ್ಲಿದ್ದೀರಿ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಚಟ ಚಿಕಿತ್ಸೆಗೆಂದೇ ಒಂದು ಕೇಂದ್ರ ಇದೆ, ಮನೋವೈದ್ಯ ವಿಭಾಗವೂ ಅದೇ ಆವರಣದಲ್ಲಿ. ಹೋಗುವ ಮೊದಲು ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಚಟಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446.

ಇನ್ನು ಗಾಡಿ ತಂದು ಎತ್ತಿಕೊಂಡು ಹೋಗುವುದು. ಒಪ್ಪಿಗೆ ಇಲ್ಲದೆ ದಾಖಲು ಮಾಡಲು ಕಾಯ್ದೆಯಲ್ಲಿ ದಾರಿ ಇದೆ, 89ನೇ ಸೆಕ್ಷನ್. ಅವನ ಪರವಾಗಿ ನೇಮಕವಾದ ಪ್ರತಿನಿಧಿ ಅರ್ಜಿ ಕೊಡಬೇಕು, ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರೋ ವೈದ್ಯರೋ ಬೇರೆಬೇರೆಯಾಗಿ ಪರೀಕ್ಷಿಸಬೇಕು, 30 ದಿನದವರೆಗೆ. ಬಲವಂತವಾಗಿ ತಲೆ ಬೋಳಿಸುವುದನ್ನು ಅದೇ ಕಾಯ್ದೆ ಹೆಸರು ಹಿಡಿದು ನಿಷೇಧಿಸಿದೆ. ಮುಂದಿನ ಸಲ ಎಲ್ಲಿಗೆ ಸೇರಿಸಿದರೂ ಮೊದಲು ಕಾಯ್ದೆಯ ಪ್ರಕಾರದ ನೋಂದಣಿ ಪತ್ರ ತೋರಿಸಿ ಅನ್ನಿ.


ಜೆರಾಕ್ಸ್ ಅಂಗಡಿ:

ಅಕ್ಕಾ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಯಾಕೆಂದರೆ ನಾನು ನಿಮ್ಮ ತಮ್ಮನ ಜಾಗದಲ್ಲಿ ಇದ್ದವನು. ನನಗೂ ಅದೇ ಕಾಯಿಲೆ. ಈಗ 41. ತಿಂಗಳಿಗೊಂದು ಇಂಜೆಕ್ಷನ್. ಕುಡಿತ ಬಿಟ್ಟು 6 ವರ್ಷ ಆಯಿತು, ಮಧ್ಯೆ ಎರಡು ಸಲ ಜಾರಿದ್ದೇನೆ, ಸುಳ್ಳು ಹೇಳುವುದಿಲ್ಲ.

ನಾನು ಯಾಕೆ ಕುಡಿಯುತ್ತಿದ್ದೆ ಗೊತ್ತಾ? ಮೊದಲ ನೈಂಟಿ ಇಳಿದಾಗ ಕಿವಿಯಲ್ಲಿ ಬೈಯುವವರು ಅರ್ಧ ಗಂಟೆ ಸುಮ್ಮನಾಗುತ್ತಿದ್ದರು. ಬೆಳಿಗ್ಗೆ ಅವರು ಡಬಲ್ ಆಗಿ ಬರುತ್ತಿದ್ದರು, ಅದು ಬೇರೆ ಮಾತು. ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಮನೆಯಲ್ಲಿ ನನ್ನ ಜೊತೆ ಆಡುವ ಮಾತು ಮೂರೇ. ಮಾತ್ರೆ ತಗೊಂಡ್ಯಾ, ಸ್ನಾನ ಮಾಡಿದ್ಯಾ, ಎಲ್ಲಿಗೆ ಹೊರಟೆ. ವೈನ್ ಶಾಪಿನ ಪಕ್ಕ ಕಡಲೆಬೀಜ ಮಾರುವ ಗಾಡಿ ಇತ್ತಲ್ಲ, ಅಲ್ಲಿ ನಿಂತವರು ನನ್ನನ್ನು 'ಗುರು, ಬಾ' ಅನ್ನುತ್ತಿದ್ದರು. ಬೆಂಗಳೂರು ಇಷ್ಟು ದೊಡ್ಡ ಊರು, ನನ್ನನ್ನು ಬಾ ಅಂದ ಜಾಗ ಅದೊಂದೇ. ನಿಮ್ಮ ತಮ್ಮ ಆರು ಗಂಟೆಗೆ ಹೋಗಿ ಎಂಟಕ್ಕೆ ಬರುತ್ತಾನೆ ಅಂದಿರಿ. ಕ್ವಾರ್ಟರ್ ಮುಗಿಸಲು ಎರಡು ಗಂಟೆ ಬೇಕಾಗಿಲ್ಲ ಅಕ್ಕಾ. ಉಳಿದ ಹೊತ್ತು ಅವನು ಯಾರ ಜೊತೆ ನಿಂತಿರುತ್ತಾನೆ ನೋಡಿ. ಕುಡಿತ ಕಿತ್ತುಕೊಂಡು ಆ ಎರಡು ಗಂಟೆಗೆ ಏನೂ ಕೊಡದಿದ್ದರೆ ಅವನು ವಾಪಸ್ ಅಲ್ಲಿಗೇ ಹೋಗುತ್ತಾನೆ. ನಾನು ಹೋಗಿದ್ದೆ.

ಡಾಕ್ಟರು ಒಮ್ಮೆ ಒಂದು ಪ್ರಶ್ನೆಪಟ್ಟಿ ಕೊಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆಯದ್ದು, 26 ಪ್ರಶ್ನೆ. ಜೀವನ ಹೇಗಿದೆ ಅಂತ ಅಳೆಯುವುದಕ್ಕೆ. ಕಳೆದ ಎರಡು ವಾರದಲ್ಲಿ ನಿದ್ದೆ ತೃಪ್ತಿ ಇದೆಯಾ, ಖರ್ಚಿಗೆ ಸಾಕಷ್ಟು ದುಡ್ಡು ಇದೆಯಾ, ಸ್ನೇಹಿತರು ಆಸರೆ ಕೊಡುತ್ತಾರಾ, ಓಡಾಡಲು ಬಸ್ಸು ಗಿಸ್ಸು ಸರಿ ಇದೆಯಾ, ಬಿಡುವಿನಲ್ಲಿ ಏನಾದರೂ ಮಾಡಲು ಅವಕಾಶ ಇದೆಯಾ, ಇಂಥವು. 26ರಲ್ಲಿ ಒಂದೂ ಕಿವಿಯಲ್ಲಿ ಮಾತು ಕೇಳಿಸುತ್ತದಾ ಅಂತ ಕೇಳುವುದಿಲ್ಲ! ನನಗೆ ನಗು ಬಂತು. 12 ವರ್ಷ ಎಲ್ಲರೂ ಕೇಳಿದ್ದು ಅದೊಂದೇ ಪ್ರಶ್ನೆ. ನನಗೆ ಈಗಲೂ ಆಗಾಗ ಕೇಳಿಸುತ್ತದೆ, ಜೆರಾಕ್ಸ್ ಮೆಷಿನ್ ಸದ್ದಿನಲ್ಲಿ ಹೆಚ್ಚು. ಆದರೂ ಈ ಪಟ್ಟಿಯಲ್ಲಿ ನನ್ನ ಅಂಕ ಆಗಿನದಕ್ಕಿಂತ ಎಷ್ಟೋ ಮೇಲಿದೆ.

ಬದಲಾಗಿದ್ದು ಏನು ಅಂದರೆ, ಅಣ್ಣ ಮೊದಲು ಗಲಾಟೆ ಬೇಡ ಅಂತ ದಿನಾ 150 ರೂಪಾಯಿ ಕೈಗೆ ಕೊಡುತ್ತಿದ್ದ. ದಿನದ ದುಡ್ಡು ದಿನದ ಕ್ವಾರ್ಟರ್‌ಗೆ ಸರಿಯಾಗುತ್ತಿತ್ತು. ಆಮೇಲೆ ಅವನ ಸ್ನೇಹಿತನ ಅಂಗಡಿಯಲ್ಲಿ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಕೆಲಸ. ನಾಲ್ಕೇ ಗಂಟೆ. ಸಂಬಳ ನನ್ನ ಅಕೌಂಟಿಗೆ. ಮನೆಯ ಒಂದು ಕೀ ನನ್ನ ಜೇಬಿನಲ್ಲಿ. ಕೀ ಕೊಟ್ಟ ದಿನ ನಾನು ಮೂರು ಸಲ ಸುಮ್ನೆ ಹೊರಗೆ ಹೋಗಿ ಬಾಗಿಲು ತೆಗೆದುಕೊಂಡು ಒಳಗೆ ಬಂದೆ.

ಕುಡಿತ ಬಿಡಬೇಕು ಅನ್ನುವವರು ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೂ ಹೋಗುತ್ತೇನೆ. ಮೊದಲ ತಿಂಗಳು ಅಲ್ಲಿ ಒಬ್ಬರು ನಿನ್ನ ತಲೆ ಮಾತ್ರೆಯೂ ಒಂದು ಚಟವೇ, ಬಿಡು ಅಂದರು. ಬಿಟ್ಟೆ. ಆಸ್ಪತ್ರೆ ಸೇರಿದೆ. ಆಮೇಲೆ ಗೊತ್ತಾಯಿತು, ಸದಸ್ಯರು ಯಾರೂ ಡಾಕ್ಟರ್ ಕೆಲಸ ಮಾಡಬಾರದು ಅಂತ ಅವರದೇ ಪುಸ್ತಿಕೆಯಲ್ಲಿ ಇದೆಯಂತೆ. ತಮ್ಮನನ್ನು ಕಳಿಸುವುದಾದರೆ ಇದೊಂದು ಮಾತು ಮೊದಲೇ ಹೇಳಿ ಕಳಿಸಿ.

ಇನ್ನೊಂದು. ಅವತ್ತು ಬೆಳಿಗ್ಗೆ ನಿಮ್ಮ ಹೆಸರು ಕೂಗಿದ್ದು ಅವನಿಗೆ ನೆನಪಿದೆ. ಅವನು ಹೇಳದಿದ್ದರೂ ನೆನಪಿದೆ. ಒಂದು ಸಲ ತಪ್ಪಾಯಿತು ಅಂದುಬಿಡಿ.


ಶ್ರೀನಗರದ ಅಮ್ಮ:

ನನಗೆ 67. ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ಸರಿಮಾಡಿ ಓದಿಕೊಳ್ಳಿ.

ನನ್ನ ಮಗನದ್ದು ಗಾಂಜಾ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಶುರು, ಮೂರನೇ ವರ್ಷದಲ್ಲಿ ಕಾಯಿಲೆ. ಗಾಂಜಾದಿಂದ ಬಂತೋ, ಬರುವುದಿತ್ತು ಅದಕ್ಕೆ ಗಾಂಜಾ ಸೇದಿದನೋ ಅಂತ ನಾನೂ ಯಜಮಾನರೂ ಹತ್ತು ವರ್ಷ ಜಗಳ ಆಡಿದ್ದೇವೆ. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45 ಸಾವಿರ ಹುಡುಗರ ಲೆಕ್ಕ 1987ರಲ್ಲಿ ಬಂದಿದೆಯಂತೆ, 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಿಗೆ ಈ ಕಾಯಿಲೆಯ ಅಪಾಯ ಸೇದದವರಿಗಿಂತ ಆರು ಪಟ್ಟು. ಆದರೆ ಸೇದಿದ ಬಹುತೇಕರಿಗೆ ಏನೂ ಆಗುವುದಿಲ್ಲ ಅಂತಲೂ ಡಾಕ್ಟರೇ ಹೇಳಿದರು. ಇದನ್ನು ಕೇಳಿದ ಮೇಲೆ ಜಗಳ ನಿಂತಿತು, ಯಾಕೆಂದರೆ ಇಬ್ಬರದ್ದೂ ಅರ್ಧ ಸರಿ.

ಅಮ್ಮಾ, ನಿನ್ನ ತಮ್ಮ ಹನ್ನೊಂದಕ್ಕೆ ಏಳುವುದನ್ನು ಸೋಮಾರಿತನ ಅಂದುಕೊಳ್ಳಬೇಡ. ಮನಸ್ಸೇ ಏಳದ ಹಾಗೆ ಮಾಡುವುದೂ ಈ ಕಾಯಿಲೆಯ ಲಕ್ಷಣ. ಅದರ ಮೇಲೆ ರಾತ್ರಿ ಮಾತ್ರೆಯ ಮಂಪರು. ಮನೆಯಲ್ಲಿ ಕೊಂಕು ಮಾತು, ಸಿಡುಕು ಜಾಸ್ತಿ ಇದ್ದಷ್ಟೂ ಕಾಯಿಲೆ ಮರುಕಳಿಸುವುದು ಜಾಸ್ತಿ ಅಂತ ಮನೆಯವರಿಗೆ ನಡೆಸಿದ ತರಗತಿಯಲ್ಲಿ ನಮಗೆ ಹೇಳಿಕೊಟ್ಟರು. ನಾನು ಬಾಯಿ ಕಟ್ಟಿಕೊಂಡೆ. ಸುಲಭ ಅಲ್ಲ. ಒಮ್ಮೊಮ್ಮೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬೈಯುತ್ತೇನೆ.

ಮೊದಲು ಕ್ಯಾಲೆಂಡರಿನಲ್ಲಿ ಅವನು ಸೇದಿದ ದಿನಕ್ಕೆ ಕೆಂಪು ಗೆರೆ ಹಾಕುತ್ತಿದ್ದೆ. ಒಂದು ದಿನ ಅದನ್ನು ನೋಡಿ ಅವನೇ ಹರಿದು ಹಾಕಿದ. ಸರಿಯಾಗಿಯೇ ಮಾಡಿದ ಅಂತ ಈಗ ಅನ್ನಿಸುತ್ತೆ. ಈಗ ನಾನು ಬೇರೆ ಲೆಕ್ಕ ಇಡುತ್ತೇನೆ, ಮನಸ್ಸಿನಲ್ಲೇ. ವಾರದಲ್ಲಿ ಎಷ್ಟು ದಿನ ಹೊರಗೆ ಹೋದ, ತಾನಾಗಿ ಏನಾದರೂ ಕೇಳಿದನಾ, ನಕ್ಕನಾ. ಗಾಂಜಾ ಪೂರ್ತಿ ಬಿಟ್ಟಿಲ್ಲ. ದಿನಾ ಇದ್ದದ್ದು ತಿಂಗಳಿಗೆ ಒಂದೆರಡು ಸಲಕ್ಕೆ ಬಂದಿದೆ. ಪೂರ್ತಿ ಬಿಟ್ಟ ಮೇಲೆ ಜೀವನ ಶುರು ಅಂತ ಕಾದಿದ್ದರೆ ನಾನು ಇನ್ನೂ ಕಾಯುತ್ತಾ ಇರುತ್ತಿದ್ದೆ.

ನಿಮ್ಹಾನ್ಸ್ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ತೋಟದ ಕೆಲಸ ಕಲಿಸುತ್ತಾರೆ. ಅಲ್ಲೇ ರೋಸಸ್ ಕೆಫೆ ಇದೆ, ಚೇತರಿಸಿಕೊಳ್ಳುತ್ತಿರುವವರೇ ನಡೆಸುವುದು. ಒಂದು ಸಲ ಕರೆದುಕೊಂಡು ಹೋಗಿ ಸುಮ್ಮನೆ ಕಾಫಿ ಕುಡಿಸು. ಏನೂ ಹೇಳಬೇಡ.


ಕಾಮಾಕ್ಷಿಪಾಳ್ಯದ ಅಕ್ಕ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳುವುದೋ. ಸಿಗರೇಟಿನ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದ ಹಾಗೆ ಕಾಫಿ ದಿನಕ್ಕೆ ಏಳೆಂಟು ಲೋಟ.

ಒಂದು ಪ್ರಶ್ನೆ. ದುಡ್ಡಿನದ್ದು ಏನಾದರೂ ಸರ್ಕಾರದಿಂದ ಸಿಗುತ್ತಾ? ನನ್ನ ಸಂಬಳ ಒಂದೇ.


ಸಮಾಜಕಾರ್ಯದವಳು:

ಸಿಗುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್, ಅಂದರೆ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿ. ಐಡಿಯಾಸ್ ಅನ್ನುವ ಅಳತೆಪಟ್ಟಿಯಲ್ಲಿ ತನ್ನ ಆರೈಕೆ, ಜನರ ಜೊತೆ ಒಡನಾಟ, ಮಾತುಕತೆ ಮತ್ತು ತಿಳಿವಳಿಕೆ, ಕೆಲಸ ಇವನ್ನು ನೋಡುತ್ತಾರೆ. 40 ಶೇಕಡ ಅಥವಾ ಮೇಲೆ ಬಂದರೆ ಪಿಂಚಣಿಗೆ, ರಿಯಾಯಿತಿ ಬಸ್ ಪಾಸಿಗೆ ಅರ್ಜಿ ಹಾಕಬಹುದು. ಅವನು ನಿಮ್ಮ ಆಸರೆಯಲ್ಲಿದ್ದಾನೆ ಅಂದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ತೆರಿಗೆ ಬೀಳುವ ನಿಮ್ಮ ಆದಾಯದಲ್ಲಿ 75,000 ರೂಪಾಯಿ ಕಡಿತ, 80 ಶೇಕಡ ಅಥವಾ ಮೇಲೆ ಬಂದರೆ 1,25,000. ಆದರೆ ಅವನಿಗೆ ಕೇಳದೆ ಅರ್ಜಿ ಹಾಕಬೇಡಿ. ಕಾರ್ಡ್ ಅಂದರೆ ಕೆಲವರಿಗೆ ಹಣೆಪಟ್ಟಿ ಅನ್ನಿಸುತ್ತದೆ.


ಕಾಮಾಕ್ಷಿಪಾಳ್ಯದ ಅಕ್ಕ:

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಡಾಕ್ಟರ ಹತ್ತಿರ ಹೋಗಿ ಕೇಂದ್ರದಲ್ಲಿ ಆದದ್ದೆಲ್ಲ ದಿನಾಂಕ ಸಮೇತ ಹೇಳಿದೆ. ಸಿಗರೇಟಿನ ಲೆಕ್ಕ, ಕಾಫಿ ಲೆಕ್ಕ ಬರೆದುಕೊಂಡರು. ರಕ್ತದಲ್ಲಿ ಕ್ಲೋಜಪಿನ್ ಎಷ್ಟಿದೆ ಅಂತ ನೋಡೋಣ ಅಂದರು. ಕುಡಿತವನ್ನು ಆಸ್ಪತ್ರೆಗೆ ಸೇರಿಕೊಂಡು ಬಿಡುವುದು ಅಂತ ಅವನ ಎದುರಿಗೇ ಮಾತಾಯಿತು. ತಲೆ ಬೋಳಿಸುವುದಿಲ್ಲ ಅಂದರೆ ಬರುತ್ತೇನೆ ಅಂದ. ಡಾಕ್ಟರು ಯಾರಪ್ಪಾ ಬೋಳಿಸಿದ್ದು ಅಂದರು. ಅವನು ನನ್ನ ಮುಖ ನೋಡಿದ.

ವಾಪಸ್ ಬರುವಾಗ ಬಸ್ಸಿನಲ್ಲಿ ತಪ್ಪಾಯಿತು ಕಣೋ ಅಂದೆ. ಕಿಟಕಿ ಕಡೆ ತಿರುಗಿಕೊಂಡು 'ಹೂಂ' ಅಂದ. ಅಷ್ಟೇ. ಸಂಜೆ ಕುಡಿದ, ಎಂದಿನ ಹಾಗೆ. ಹಾಸಿಗೆ ಖಾಲಿಯಾದರೆ ಮುಂದಿನ ವಾರ ದಾಖಲು.

ನಿನಗೆ ಏನು ಬೇಕು ಅಂತಲೂ ಕೇಳಿದೆ. ಗಾಡಿ ಬೇಕಂತೆ. ಸ್ಕೂಟರು! ನನಗೆ ಎದೆ ಧಸಕ್ ಅಂತು. ಕುಡಿತ ನಿಲ್ಲುವ ತನಕ ಆ ಮಾತಿಲ್ಲ, ಈಗ ಬಸ್ ಪಾಸ್ ಮಾಡಿಸಿದರೆ ನಡೆಯುತ್ತಾ ಅಂದೆ. ಯೋಚನೆ ಮಾಡ್ತೀನಿ ಅಂದ. ಎರಡು ದಿನ ಬಿಟ್ಟು ತಾನೇ ಬಂದು ಫೋಟೋ ತೆಗೆಸಬೇಕಾ ಅಂತ ಕೇಳಿದ.

ಸಮಾಜಕಾರ್ಯದವರೇ, ಯುಡಿಐಡಿಗೆ ಹಳೆಯ ಚೀಟಿಗಳೆಲ್ಲ ಬೇಕಾ? 11 ವರ್ಷದ್ದು ಒಂದು ಅಕ್ಕಿ ಚೀಲದ ತುಂಬ ಇದೆ.


ಸಮಾಜಕಾರ್ಯದವಳು:

ಎಲ್ಲ ಬೇಡ. ಡಿಸ್ಚಾರ್ಜ್ ಸಾರಾಂಶಗಳು, ಈಗಿನ ಚೀಟಿ, ಆಮೇಲೆ ಎಲ್ಲಕ್ಕಿಂತ ಹಳೆಯದೊಂದು. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೂ ಅಂಕ ಇದೆ. ಚೀಲದ ತಳದಲ್ಲಿ ಹುಡುಕಿ.